ಮೇಲಿಂಗ್ ಲಿಸ್ಟಿಗೆ ಉತ್ತರ ಬರೆಯುವ ಕ್ರಮ: ಥಂಡರ್‌ಬರ್ಡ್, ಜಿಮೇಲ್, ಔಟ್‌ಲುಕ್ ಮತ್ತು ಇತರೆಡೆ

ಕೆಲವು ವರ್ಷಗಳ ಹಿಂದೆ, ತಂತ್ರಾಂಶದ ಪದಗಳನ್ನು ಕನ್ನಡಕ್ಕೆ ತರುವವರ ಒಂದು ಮೇಲಿಂಗ್ ಲಿಸ್ಟಿನಲ್ಲಿ, ಅಂದರೆ ಒಂದು ವಿಳಾಸಕ್ಕೆ ಬರೆದದ್ದು ಸೇರಿದವರೆಲ್ಲರಿಗೂ ತಲುಪುವ ಇಮೇಲ್ ಗುಂಪಿನಲ್ಲಿ, ಹಿರಿಯರೊಬ್ಬರು ಉದ್ದನೆಯ ಪದಪಟ್ಟಿಯನ್ನು ಹಂಚಿದ್ದರು. ಅದಕ್ಕೆ ನನ್ನ ಗೆಳೆಯ ಒಂದೆರಡು ಸಾಲಿನ ಒಪ್ಪಿಗೆ ಬರೆದ. ನಾನು ಗೆಳೆಯನ ಮೇಲ್ ತೆರೆದು, ಉತ್ತರ ಅವನೊಬ್ಬನಿಗೇ ಹೋಗುತ್ತದೆಂಬ ಧೈರ್ಯದಲ್ಲಿ, "ಈ ಪದಗಳನ್ನು ಅವರ ಮನೆಯಲ್ಲೇ ಯಾರೂ ಆಡಲಾರರು, ಸುಮ್ಮನೆ ಒಪ್ಪಿಕೊಂಡುಬಿಟ್ಟೆಯಲ್ಲ ಮಾರಾಯ" ಎಂದು ಬರೆದು ರಿಪ್ಲೈ ಒತ್ತಿದೆ. ಅದು ಲಿಸ್ಟಿನಲ್ಲಿದ್ದ ಅಷ್ಟೂ ಜನರಿಗೆ ಹೋಯಿತು. ಮರುದಿನ ಬೆಳಿಗ್ಗೆ ಹಿರಿಯರ ಉತ್ತರ ಬಂದಿತ್ತು: "ನಮ್ಮ ಮನೆಯಲ್ಲಿ ಆಡುವ ಪದಗಳನ್ನೂ ಕಳುಹಿಸುತ್ತೇನೆ, ದಯವಿಟ್ಟು ಪರಿಶೀಲಿಸಿ."

ತಪ್ಪು ನನ್ನದೇ ಆದರೂ ಅದಕ್ಕೊಂದು ಕಾರಣವಿತ್ತು. ಅದಕ್ಕೂ ಮೊದಲು ನಾನಿದ್ದ ಲಿಸ್ಟಿನಲ್ಲಿ ಅದೇ ಗುಂಡಿ ಒತ್ತಿದರೆ ಉತ್ತರ ಬರೆದವರೊಬ್ಬರಿಗೆ ಮಾತ್ರ ಹೋಗುತ್ತಿತ್ತು. ನಾವು ಉತ್ತರಿಸುವಾಗ ಮೂರು ಸಂಗತಿಗಳು ತೀರ್ಮಾನವಾಗುತ್ತವೆ: ಉತ್ತರ ಯಾರಿಗೆ ಹೋಗಬೇಕು, ಹಿಂದಿನ ಯಾವ ಮೇಲಿಗೆ ಅಂಟಿಕೊಳ್ಳಬೇಕು, ಆ ಮೇಲಿನ ಎಷ್ಟು ಭಾಗ ನಮ್ಮ ಉತ್ತರದಲ್ಲಿ ಉಳಿಯಬೇಕು. ಈ ಮೂರನ್ನೂ ಇಮೇಲ್ ತಂತ್ರಾಂಶ ನಮ್ಮನ್ನು ಕೇಳದೆ ತಾನೇ ತೀರ್ಮಾನಿಸುತ್ತದೆ, ಮತ್ತು ಒಂದೊಂದು ತಂತ್ರಾಂಶ ಒಂದೊಂದು ರೀತಿ ತೀರ್ಮಾನಿಸುತ್ತದೆ. ಆ ತೀರ್ಮಾನವನ್ನು ನಮ್ಮ ಕೈಗೆ ತೆಗೆದುಕೊಳ್ಳುವುದು ಹೇಗೆಂಬುದಷ್ಟೇ ಇಲ್ಲಿನ ವಿಷಯ.

ಯಾರಿಗೆ ಹೋಗುತ್ತದೆ

ಪ್ರತಿ ಮೇಲಿನ ತಲೆಭಾಗದಲ್ಲಿ, ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳದ ಹಲವು ಸಾಲುಗಳಿರುತ್ತವೆ. ಅವುಗಳಲ್ಲಿ 'ರಿಪ್ಲೈ-ಟು' ಎಂಬ ಸಾಲು ಇದ್ದರೆ, ರಿಪ್ಲೈ ಒತ್ತಿದಾಗ ತಂತ್ರಾಂಶವು ಬರೆದವರ ವಿಳಾಸವನ್ನು ಬಿಟ್ಟು ಆ ಸಾಲಿನ ವಿಳಾಸವನ್ನು ತುಂಬಿಕೊಳ್ಳುತ್ತದೆ. ಕೆಲವು ಲಿಸ್ಟುಗಳ ನಿರ್ವಾಹಕರು ಚರ್ಚೆ ಲಿಸ್ಟಿನಲ್ಲೇ ಉಳಿಯಲೆಂದು ಈ ಸಾಲಿನಲ್ಲಿ ಲಿಸ್ಟಿನ ವಿಳಾಸವನ್ನು ಇಟ್ಟಿರುತ್ತಾರೆ. ಇನ್ನು ಕೆಲವರು, ಖಾಸಗಿ ಮಾತು ಬೀದಿಗೆ ಬರುವ ಅಪಾಯಕ್ಕೆ ಹೆದರಿ, ಅದನ್ನು ಮುಟ್ಟುವುದೇ ಇಲ್ಲ. ಎರಡೂ ಕಡೆ ವಾದವಿದೆ. ನನ್ನ ಅನುಭವದ ನಂತರ ನಾನು ಎರಡನೆಯವರ ಪಕ್ಷ.

1998ರಲ್ಲಿ ಬಂದ ಆರ್‌ಎಫ್‌ಸಿ 2369 ಎಂಬ ಅಂತರಜಾಲದ ಮಾನಕವು 'ಲಿಸ್ಟ್-ಪೋಸ್ಟ್' ಎಂಬ ಸಾಲನ್ನು ಕೊಟ್ಟಿತು. ಈ ಲಿಸ್ಟಿಗೆ ಬರೆಯಬೇಕಾದ ವಿಳಾಸ ಯಾವುದೆಂದು ಲಿಸ್ಟೇ ಹೇಳಿಕೊಳ್ಳುವ ಸಾಲು ಅದು. ಅದನ್ನು ಓದಬಲ್ಲ ತಂತ್ರಾಂಶಗಳಲ್ಲಿ ರಿಪ್ಲೈ ಮತ್ತು ರಿಪ್ಲೈ ಆಲ್ ಜೊತೆಗೆ 'ರಿಪ್ಲೈ ಲಿಸ್ಟ್' ಎಂಬ ಮೂರನೆಯ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಉತ್ತರ ಲಿಸ್ಟಿಗೆ ಮಾತ್ರ ಹೋಗುತ್ತದೆ, ಹೀಗಾಗಿ ಬರೆದವರಿಗೆ ಒಂದೇ ಮೇಲಿನ ಎರಡು ಪ್ರತಿ ತಲುಪುವುದಿಲ್ಲ. ಆ ಗುಂಡಿ ಇರುವಲ್ಲಿ ಅದನ್ನೇ ಬಳಸುವುದು ಒಳ್ಳೆಯದು.

ಆದರೆ ಊರಿಗೊಂದು ರೂಢಿ ಎಂಬಂತೆ ಲಿಸ್ಟಿಗೊಂದು ರೂಢಿಯಿದೆ. ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆಯೊಂದನ್ನು ಕಟ್ಟುವ ಡೆಬಿಯನ್ ಯೋಜನೆಯ ಲಿಸ್ಟುಗಳಲ್ಲಿ, ಬರೆದವರು ತಾವಾಗಿ ಕೇಳದ ಹೊರತು ಅವರಿಗೆ ಬೇರೆ ಪ್ರತಿ ಕಳುಹಿಸಬಾರದೆಂಬುದು ಲಿಖಿತ ನಿಯಮ. ಲಿನಕ್ಸ್‌ನ ತಿರುಳಾದ ಕರ್ನಲ್ ಕಟ್ಟುವವರ ಲಿಸ್ಟುಗಳಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ರಿಪ್ಲೈ ಆಲ್ ಕೊಟ್ಟು, ಸಿಸಿಯಲ್ಲಿರುವ ಯಾರ ಹೆಸರನ್ನೂ ತೆಗೆಯದೆ ಉತ್ತರಿಸಬೇಕು. ಆ ಲಿಸ್ಟುಗಳಲ್ಲಿ ಹರಿಯುವ ಮೇಲುಗಳ ಪ್ರವಾಹದಲ್ಲಿ ತಮ್ಮ ಹೆಸರಿಗೆ ನೇರವಾಗಿ ಬಂದದ್ದನ್ನಷ್ಟೇ ಗಮನಿಸುವವರು ಬಹಳ ಮಂದಿ. ಹೊಸ ಲಿಸ್ಟಿಗೆ ಸೇರಿದವರು ಮೊದಲ ವಾರ ಏನನ್ನೂ ಬರೆಯದೆ, ಹಳಬರು 'ಟು' ಮತ್ತು 'ಸಿಸಿ'ಯಲ್ಲಿ ಏನೇನು ಇಡುತ್ತಾರೆಂದು ನೋಡಿಕೊಳ್ಳುವುದು ಸಾಕು.

2014ರ ಏಪ್ರಿಲ್‌ನಿಂದ ಈಚೆಗೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಆ ತಿಂಗಳು ಯಾಹೂ ಮತ್ತು ಎಒಎಲ್ ಸಂಸ್ಥೆಗಳು, ತಮ್ಮ ಹೆಸರಿನಲ್ಲಿ ಬೇರೆ ಸರ್ವರಿನಿಂದ ಹೊರಟ ಮೇಲನ್ನು ತಿರಸ್ಕರಿಸಬೇಕೆಂದು ಡಿಮಾರ್ಕ್ ಎಂಬ ವ್ಯವಸ್ಥೆಯ ಮೂಲಕ ಜಗತ್ತಿಗೆ ಸಾರಿದವು. ಲಿಸ್ಟಿನ ಮೂಲಕ ಬರುವ ಮೇಲ್ ಹೊರಡುವುದು ಲಿಸ್ಟಿನ ಸರ್ವರಿನಿಂದಲೇ ಆದ್ದರಿಂದ ಅದಕ್ಕೂ ಪೆಟ್ಟು ಬಿತ್ತು. ಇದರಿಂದ ತಪ್ಪಿಸಿಕೊಳ್ಳಲು ಅನೇಕ ಲಿಸ್ಟುಗಳು ಕಳುಹಿಸಿದವರ ವಿಳಾಸದ ಜಾಗದಲ್ಲಿ ತಮ್ಮದೇ ವಿಳಾಸ ಹಾಕಿ, ಹೆಸರಿನ ಮುಂದೆ 'ವಯಾ' ಎಂದು ಲಿಸ್ಟಿನ ಹೆಸರು ಸೇರಿಸತೊಡಗಿದವು. ಅಂಥ ಮೇಲಿನಲ್ಲಿ ಕಾಣುವ ಹೆಸರು ವ್ಯಕ್ತಿಯದು, ಅದರ ಹಿಂದಿನ ವಿಳಾಸ ಲಿಸ್ಟಿನದು. ಖಾಸಗಿಯಾಗಿ ಬರೆಯಬೇಕಾದಾಗ ಹೆಸರನ್ನು ನಂಬದೆ, ಅದರ ಮೇಲೆ ಒತ್ತಿ ವಿಳಾಸವನ್ನು ಓದಿಯೇ ಮುಂದುವರಿಯಬೇಕು. ನಾನಂತೂ ಖಾಸಗಿ ಮಾತಿಗೆ ರಿಪ್ಲೈಯನ್ನು ಬಳಸುವುದನ್ನೇ ಬಿಟ್ಟು, ಹೊಸ ಮೇಲ್ ತೆರೆದು ವಿಳಾಸವನ್ನು ಕೈಯಾರೆ ಬರೆಯುತ್ತೇನೆ.

ಯಾವ ಮೇಲಿಗೆ ಅಂಟಿಕೊಳ್ಳುತ್ತದೆ

ಪ್ರತಿ ಮೇಲಿಗೂ 'ಮೆಸೇಜ್-ಐಡಿ' ಎಂಬ, ಬೇರಾವ ಮೇಲಿಗೂ ಇರದ ಗುರುತು ಇರುತ್ತದೆ. ರಿಪ್ಲೈ ಒತ್ತಿದಾಗ ತಂತ್ರಾಂಶವು ಆ ಗುರುತನ್ನು ನಮ್ಮ ಉತ್ತರದ 'ಇನ್-ರಿಪ್ಲೈ-ಟು' ಸಾಲಿನಲ್ಲೂ, ಅದಕ್ಕೂ ಹಿಂದಿನ ಮೇಲುಗಳ ಗುರುತುಗಳನ್ನು ಸೇರಿಸಿ 'ರೆಫರೆನ್ಸಸ್' ಸಾಲಿನಲ್ಲೂ ಬರೆದಿಡುತ್ತದೆ. ಓದುವವರ ತಂತ್ರಾಂಶ ಈ ಸಾಲುಗಳನ್ನು ನೋಡಿ ಚರ್ಚೆಯನ್ನು ವಂಶವೃಕ್ಷದಂತೆ ಜೋಡಿಸುತ್ತದೆ.

ಇದರಿಂದ ಎರಡು ಎಚ್ಚರಿಕೆಗಳು ಹುಟ್ಟುತ್ತವೆ. ಮೊದಲನೆಯದು, ನಡೆಯುತ್ತಿರುವ ಚರ್ಚೆಗೆ ಸೇರಿಸಬೇಕಾದ ಮಾತನ್ನು ಹೊಸ ಮೇಲಾಗಿ ಬರೆದು ಅದೇ ಸಬ್ಜೆಕ್ಟ್ ಹಾಕಿದರೆ ಅದು ವೃಕ್ಷಕ್ಕೆ ಸರಿಯಾಗಿ ಸೇರುವುದಿಲ್ಲ. ಎರಡನೆಯದು ಹೆಚ್ಚು ಕಾಣುವ ತಪ್ಪು: ಲಿಸ್ಟಿನ ವಿಳಾಸ ಹುಡುಕುವ ಸೋಮಾರಿತನದಿಂದ ಯಾವುದೋ ಹಳೆಯ ಮೇಲಿಗೆ ರಿಪ್ಲೈ ಒತ್ತಿ, ಸಬ್ಜೆಕ್ಟ್ ಅಳಿಸಿ, ಹೊಸ ವಿಷಯ ಆರಂಭಿಸುವುದು. ಸಬ್ಜೆಕ್ಟ್ ಬದಲಾದರೂ ಒಳಗಿನ ಗುರುತುಗಳು ಹಾಗೇ ಇರುವುದರಿಂದ, ಅಕ್ಷರ ವಿನ್ಯಾಸದ ಬಗೆಗಿನ ನಿಮ್ಮ ಪ್ರಶ್ನೆ ಸರ್ವರ್ ಬಾಡಿಗೆಯ ಚರ್ಚೆಯ ಹದಿನೇಳನೆಯ ಕೊಂಬೆಯಾಗಿ, ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್‌ನಲ್ಲಿ ನೇತಾಡುತ್ತಿರುತ್ತದೆ. ಬಾಡಿಗೆಯ ಚರ್ಚೆ ಬೇಡವೆಂದು ಆ ಎಳೆಯನ್ನೇ ಮುಚ್ಚಿಟ್ಟವರಿಗೆ ನಿಮ್ಮ ಪ್ರಶ್ನೆ ಕಾಣುವುದೇ ಇಲ್ಲ. ಈ ತಪ್ಪನ್ನು ಜಿಮೇಲ್ ಬಳಸುವವರು ಹೆಚ್ಚಾಗಿ ಮಾಡುವುದಕ್ಕೂ ಕಾರಣವಿದೆ. ಸಬ್ಜೆಕ್ಟ್ ಬದಲಾದ ಕೂಡಲೇ ಜಿಮೇಲ್ ಅದನ್ನು ಹೊಸ ಸಂವಾದವಾಗಿ ತೋರಿಸುತ್ತದೆ, ಆದ್ದರಿಂದ ಅವರಿಗೆ ತಮ್ಮ ಕಡೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಚರ್ಚೆಯೇ ಬೇರೆ ದಾರಿ ಹಿಡಿದಿದ್ದರೆ ಮಾತ್ರ ಸಬ್ಜೆಕ್ಟ್ ಬದಲಿಸುವುದು ನ್ಯಾಯ. ಆಗ ಹೊಸ ವಿಷಯವನ್ನು ಬರೆದು, ಕಂಸದಲ್ಲಿ 'ಹಿಂದೆ:' ಎಂದು ಹಳೆಯ ವಿಷಯವನ್ನು ಉಳಿಸಿದರೆ ಓದುವವರಿಗೆ ಜಾಡು ಸಿಗುತ್ತದೆ.

ಎಷ್ಟು ಉಳಿಸಬೇಕು

ಕಚೇರಿಯ ಮೇಲುಗಳಲ್ಲಿ ಉತ್ತರ ಮೇಲಕ್ಕೂ ಹಿಂದಿನ ಪತ್ರವ್ಯವಹಾರವೆಲ್ಲ ಕೆಳಕ್ಕೂ ಇರುವುದು ವಾಡಿಕೆ. ಅಲ್ಲಿ ಅದು ತಪ್ಪಲ್ಲ, ಏಕೆಂದರೆ ನಡುವೆ ಬಂದು ಸೇರಿದವರಿಗೆ ಇಡೀ ಕಡತ ಒಂದೇ ಕಡೆ ಬೇಕಾಗುತ್ತದೆ. ಲಿಸ್ಟಿನಲ್ಲಾದರೋ ಆ ಕಡತ ಹಳೆಯ ಮೇಲುಗಳೆಲ್ಲ ಸಂಗ್ರಹವಾಗಿರುವ ಆರ್ಕೈವ್‌ನಲ್ಲಿ ಎಲ್ಲರಿಗೂ ಇದ್ದೇ ಇದೆ. ಇಲ್ಲಿ ಬೇಕಾದದ್ದು, ಯಾವ ಮಾತಿಗೆ ಉತ್ತರಿಸುತ್ತಿದ್ದೀರೋ ಅದನ್ನಷ್ಟೇ ಉಳಿಸಿ, ಅದರ ಕೆಳಗೆ ಉತ್ತರ ಬರೆಯುವುದು. 1995ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1855 ಎಂಬ ಶಿಷ್ಟಾಚಾರದ ಕೈಪಿಡಿಯೂ ಸಂದರ್ಭ ತಿಳಿಯುವಷ್ಟು ಮೂಲವನ್ನು ಮಾತ್ರ ಉಳಿಸಬೇಕೆಂದೇ ಹೇಳುತ್ತದೆ. ಕಣ್ಣೆದುರು ಹೀಗಿರುತ್ತದೆ:

> ಮುಂದಿನ ಭೇಟಿಯನ್ನು ಶನಿವಾರ ಸಂಜೆ ಇಟ್ಟುಕೊಳ್ಳೋಣವೇ?

ಶನಿವಾರ ಸಂಜೆ ನನಗೆ ಆಗುವುದಿಲ್ಲ ಸರ್, ಭಾನುವಾರ ಬೆಳಿಗ್ಗೆಯಾದರೆ ಬರಬಲ್ಲೆ.

> > 'ಫೈಲ್' ಎಂಬುದಕ್ಕೆ 'ಕಡತ' ಎಂದೇ ಇಡೋಣ.
> ಬಳಸುವವರು 'ಫೈಲ್' ಎಂದೇ ಹೇಳುತ್ತಾರಲ್ಲ?

ಹೇಳುತ್ತಾರೆ ನಿಜ. ಆದರೆ ಸರ್ಕಾರಿ ಕಚೇರಿಗಳಲ್ಲಿ 'ಕಡತ' ಎಂಬ ಪದ ಚೆನ್ನಾಗಿಯೇ ಓಡಾಡುತ್ತಿದೆ.

ಸಾಲಿನ ಮೊದಲಿರುವ ಒಂದು ಬಾಣದ ಗುರುತು ಈಗ ಉತ್ತರಿಸುತ್ತಿರುವ ಮೇಲಿನ ಮಾತನ್ನೂ, ಎರಡು ಗುರುತು ಅದಕ್ಕೂ ಹಿಂದಿನವರ ಮಾತನ್ನೂ ಸೂಚಿಸುತ್ತವೆ. ಮೂರು ಗುರುತಿಗಿಂತ ಆಳಕ್ಕೆ ಇಳಿದದ್ದನ್ನು ಸಾಮಾನ್ಯವಾಗಿ ಅಳಿಸಬಹುದು. 'ಇಂಥ ದಿನ ಇಂಥವರು ಬರೆದದ್ದು' ಎಂದು ತಂತ್ರಾಂಶವೇ ಹಾಕಿಕೊಡುವ ಮೇಲಿನ ಸಾಲನ್ನು ಮಾತ್ರ ಅಳಿಸಬಾರದು, ಅಳಿಸಿದರೆ ಒಬ್ಬರ ಮಾತು ಇನ್ನೊಬ್ಬರ ತಲೆಗೆ ಬರುತ್ತದೆ.

ಹಿರಿಯರ ಬರಹವನ್ನು ಹೀಗೆ ಕತ್ತರಿಸುವುದು ಅಗೌರವವೆಂದು ಹಿಂಜರಿಯುವವರನ್ನು ಕನ್ನಡದ ಗುಂಪುಗಳಲ್ಲಿ ನಾನು ಸಾಕಷ್ಟು ಕಂಡಿದ್ದೇನೆ. ಇಡೀ ಪತ್ರವನ್ನು ಉಳಿಸಿಕೊಂಡು ಅದರ ತುದಿಯಲ್ಲಿ 'ಸರಿ ಸರ್' ಎಂದು ಬರೆದರೆ ಯಾವುದಕ್ಕೆ ಸರಿ ಎಂದಿರೆಂದು ಆ ಹಿರಿಯರೇ ಹುಡುಕಬೇಕಾಗುತ್ತದೆ. ಗೌರವವನ್ನು ತೋರಿಸಲು ಮೊದಲ ಸಾಲಿನ ನಮಸ್ಕಾರವಿದೆ, ಉತ್ತರದ ಧಾಟಿಯಿದೆ.

ಕತ್ತರಿಸದೆ ಬಿಡುವುದರಿಂದ ಕನ್ನಡದಲ್ಲಿ ಇನ್ನೊಂದು ತೊಂದರೆಯೂ ಇದೆ. 'ಕನ್ನಡ' ಎಂಬ ಪದ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಐದು ಸಂಕೇತಗಳು, ಅವನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ 15 ಬೈಟುಗಳು. ಮೇಲಿನಲ್ಲಿ ಸಾಗಿಸಲು ಅದನ್ನು ಬೇಸ್64 ವಿಧಾನದಲ್ಲಿ ಕಟ್ಟಿದರೆ 20 ಅಕ್ಷರಗಳಾಗುತ್ತವೆ, ಕೋಟೆಡ್-ಪ್ರಿಂಟಬಲ್ ವಿಧಾನದಲ್ಲಿ 45 ಆಗುತ್ತವೆ. ಎಚ್‌ಟಿಎಂಎಲ್ ಎಂಬ, ಬಣ್ಣ ಫಾಂಟುಗಳ ಅಲಂಕಾರವಿರುವ ರೂಪದಲ್ಲಿ ಕಳುಹಿಸಿದರೆ ಸಾಮಾನ್ಯವಾಗಿ ಅದೇ ಪಠ್ಯ ಸಾದಾ ರೂಪದಲ್ಲೊಮ್ಮೆ, ಅಲಂಕಾರದೊಡನೆ ಇನ್ನೊಮ್ಮೆ ಹೋಗುತ್ತದೆ. ಲಿಸ್ಟುಗಳನ್ನು ನಡೆಸುವ ಮೇಲ್‌ಮ್ಯಾನ್ ತಂತ್ರಾಂಶದ ಎರಡನೆಯ ಆವೃತ್ತಿಯಲ್ಲಿ, ನಿರ್ವಾಹಕರು ಬದಲಿಸದಿದ್ದರೆ, ಒಂದು ಮೇಲಿನ ಗಾತ್ರದ ಮಿತಿ 40 ಕೆಬಿ. ಹಿಂದಿನ ಐದಾರು ಉತ್ತರಗಳನ್ನು ಹೊತ್ತ ಕನ್ನಡದ ಮೇಲ್ ಈ ಮಿತಿಯನ್ನು ಸುಲಭವಾಗಿ ದಾಟಿ, ನಿರ್ವಾಹಕರ ಒಪ್ಪಿಗೆಗಾಗಿ ಬಾಗಿಲಲ್ಲೇ ನಿಂತಿರುತ್ತದೆ.

ಥಂಡರ್‌ಬರ್ಡ್

ಲಿಸ್ಟುಗಳಿಗೆ ಇದಕ್ಕಿಂತ ಹೊಂದುವ ತಂತ್ರಾಂಶವನ್ನು ನಾನು ಬಳಸಿಲ್ಲ, ಆದ್ದರಿಂದ ಇಲ್ಲಿ ತುಸು ವಿವರವಾಗಿಯೇ ಹೇಳುತ್ತೇನೆ. ಲಿಸ್ಟಿನ ಮೇಲ್ ತೆರೆದಾಗ ಅದರ ತಲೆಭಾಗದಲ್ಲಿ ರಿಪ್ಲೈ ಲಿಸ್ಟ್ ಗುಂಡಿ ತಾನಾಗಿ ಕಾಣಿಸಿಕೊಳ್ಳುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು ಎಲ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಅದೇ ಕೆಲಸವಾಗುತ್ತದೆ. ಗುಂಡಿ ಒತ್ತುವ ಮೊದಲು ಮೇಲಿನಲ್ಲಿ ಬೇಕಾದ ಸಾಲುಗಳನ್ನಷ್ಟೇ ಮೌಸ್‌ನಿಂದ ಆಯ್ದುಕೊಂಡರೆ ಉತ್ತರದಲ್ಲಿ ಆ ಸಾಲುಗಳು ಮಾತ್ರ ಬರುತ್ತವೆ. ಒಂದೇ ಪ್ರಶ್ನೆಗೆ ಉತ್ತರಿಸುವಾಗ ಕತ್ತರಿಸುವ ಕೆಲಸವೇ ಉಳಿಯುವುದಿಲ್ಲ.

ಸಿದ್ಧತೆಗಳನ್ನು ಒಮ್ಮೆ ಮಾಡಿಕೊಳ್ಳಬೇಕು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಖಾತೆಯ ಕೆಳಗಿರುವ ಕಂಪೋಸಿಷನ್ ಅಂಡ್ ಅಡ್ರೆಸಿಂಗ್ ಪುಟಕ್ಕೆ ಹೋಗಿ, ಉತ್ತರವನ್ನು ಉಲ್ಲೇಖದ ಕೆಳಗೆ ಆರಂಭಿಸುವ ಆಯ್ಕೆಯನ್ನು ಆರಿಸಿ, ಎಚ್‌ಟಿಎಂಎಲ್ ರೂಪದಲ್ಲಿ ಬರೆಯುವ ಆಯ್ಕೆಯ ಗುರುತನ್ನು ತೆಗೆಯಬೇಕು. ಈ ಆಯ್ಕೆಗಳು ಖಾತೆಗೊಂದರಂತೆ ಬೇರೆ ಬೇರೆ ಇರುವುದರಿಂದ ಕಚೇರಿಯ ಖಾತೆಯನ್ನು ಹಾಗೆಯೇ ಬಿಟ್ಟು ಲಿಸ್ಟಿನ ಖಾತೆಯನ್ನು ಮಾತ್ರ ಬದಲಿಸಬಹುದು. ಎಂದಾದರೊಮ್ಮೆ ಇನ್ನೊಂದು ರೂಪ ಬೇಕಾದರೆ ಶಿಫ್ಟ್ ಹಿಡಿದು ರಿಪ್ಲೈ ಒತ್ತಿದರಾಯಿತು. ಸಿಗ್ನೇಚರ್ ಬಳಸುವವರು ಅದರ ಮೇಲಿನ ಸಾಲಿನಲ್ಲಿ ಎರಡು ಅಡ್ಡಗೆರೆ ಮತ್ತು ಒಂದು ಖಾಲಿ ಜಾಗ ಇರುವಂತೆ ನೋಡಿಕೊಳ್ಳಬೇಕು. ಆ ಗುರುತು ಕಂಡರೆ ಥಂಡರ್‌ಬರ್ಡ್ ಉತ್ತರಿಸುವಾಗ ಕೆಳಗಿನದ್ದನ್ನು ತಾನೇ ಬಿಟ್ಟುಬಿಡುತ್ತದೆ.

ಲಿನಕ್ಸ್‌ನಲ್ಲಿ ಎವಲ್ಯೂಷನ್ ಬಳಸುವವರಿಗೆ ಕಂಟ್ರೋಲ್ ಮತ್ತು ಎಲ್, ಕೆಮೇಲ್ ಬಳಸುವವರಿಗೆ ಬರಿಯ ಎಲ್ ಇದೇ ಕೆಲಸ ಮಾಡುತ್ತವೆ. ಟರ್ಮಿನಲ್‌ನಲ್ಲೇ ಓಡುವ ಮಟ್‌ನಲ್ಲಿ ದೊಡ್ಡಕ್ಷರದ ಎಲ್. ಆದರೆ ಅದಕ್ಕೂ ಮೊದಲು ಮಟ್‌ನ ಸಂರಚನಾ ಕಡತದಲ್ಲಿ 'ಸಬ್‌ಸ್ಕ್ರೈಬ್' ಆಜ್ಞೆಯ ಮುಂದೆ ಲಿಸ್ಟಿನ ವಿಳಾಸವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಜಿಮೇಲ್

ನಮ್ಮಲ್ಲಿ ಬಹುಪಾಲು ಜನ ಇರುವುದು ಇಲ್ಲಿ, ಮತ್ತು ಇಲ್ಲಿ ರಿಪ್ಲೈ ಲಿಸ್ಟ್ ಇಲ್ಲ. ಆದ್ದರಿಂದ ರಿಪ್ಲೈ ಆಲ್ ಒತ್ತಿ, ವಿಳಾಸಗಳ ಸಾಲನ್ನು ತೆರೆದು, ಲಿಸ್ಟಿನ ರೂಢಿ ಹಾಗಿದ್ದರೆ ವ್ಯಕ್ತಿಯ ವಿಳಾಸವನ್ನು ತೆಗೆದುಹಾಕಬೇಕು. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಡಿಫಾಲ್ಟ್ ರಿಪ್ಲೈ ಬಿಹೇವಿಯರ್ ಎಂಬಲ್ಲಿ ರಿಪ್ಲೈ ಆಲ್ ಅನ್ನು ಕಾಯಂ ಮಾಡಿಡುವ ಅವಕಾಶವಿದೆ. ಒಂದೇ ಖಾತೆಯಲ್ಲಿ ಮನೆಯ ವಿಷಯಗಳೂ ನಡೆಯುವುದಾದರೆ ಅದಕ್ಕೆ ಕೈಹಾಕದಿರುವುದೇ ಕ್ಷೇಮ. ಅದೇ ಪುಟದಲ್ಲಿರುವ ಅಂಡೂ ಸೆಂಡ್ ಅವಧಿಯನ್ನು, ಅಂದರೆ ಕಳುಹಿಸಿದ ಮೇಲನ್ನು ಹಿಂತೆಗೆದುಕೊಳ್ಳಲು ಸಿಗುವ ಸಮಯವನ್ನು, ಮಾತ್ರ ಈಗಲೇ 30 ಸೆಕೆಂಡಿಗೆ ಏರಿಸಿಬಿಡಿ.

ಉತ್ತರದ ಪೆಟ್ಟಿಗೆಯ ಕೆಳಗೆ ಮೂರು ಚುಕ್ಕೆಗಳಿರುತ್ತವೆ. ಹಿಂದಿನ ಮೇಲಿನ ಪಠ್ಯವೆಲ್ಲ ಅದರೊಳಗೆ ಮಡಚಿಕೊಂಡಿರುತ್ತದೆ. ಜಿಮೇಲ್ ಅದನ್ನು ಬರೆಯುವವರಿಗೆ ತೋರಿಸುವುದಿಲ್ಲ, ಆದರೆ ಕಳುಹಿಸುವಾಗ ಇಡಿಯಾಗಿ ಕಳುಹಿಸುತ್ತದೆ. ತಾವು ಒಂದೇ ಸಾಲು ಬರೆದೆವೆಂದು ಜಿಮೇಲ್‌ನವರು ನಂಬಿರುವುದೂ, ಅದು ಇತರರಿಗೆ ನಾಲ್ಕು ಪುಟವಾಗಿ ತಲುಪುವುದೂ ಇದರಿಂದಲೇ. ಮೊದಲು ಪೆಟ್ಟಿಗೆಯ ಕೆಳಸಾಲಿನ ಮೆನುವಿನಲ್ಲಿ ಪ್ಲೇನ್ ಟೆಕ್ಸ್ಟ್ ಮೋಡ್ ಆರಿಸಿ, ಆಮೇಲೆ ಚುಕ್ಕೆಗಳನ್ನು ಒತ್ತಿದರೆ ಬಾಣದ ಗುರುತುಗಳೊಡನೆ ಪಠ್ಯ ಬಿಚ್ಚಿಕೊಳ್ಳುತ್ತದೆ. ಬೇಡದ್ದನ್ನು ಅಳಿಸಿ, ಬೇಕಾದ ಸಾಲಿನ ಕೆಳಗೆ ಕರ್ಸರ್ ಇಟ್ಟು ಬರೆಯಬಹುದು. ಅಲಂಕಾರದ ರೂಪದಲ್ಲೂ ಇದು ಸಾಧ್ಯ, ಆದರೆ ಅಲ್ಲಿ ನಿಮ್ಮ ಉತ್ತರವೂ ಉಲ್ಲೇಖದ ಲಂಬ ಗೆರೆಯ ಒಳಗೇ ಸಿಕ್ಕಿಕೊಂಡು ಯಾರ ಮಾತು ಯಾವುದೆಂದು ತಿಳಿಯದಂತಾಗುತ್ತದೆ.

ಮೊಬೈಲಿನ ಜಿಮೇಲ್ ಆ್ಯಪ್‌ನಲ್ಲಿ ಸಾದಾ ಪಠ್ಯದ ಆಯ್ಕೆಯಿಲ್ಲ. ಎಚ್‌ಟಿಎಂಎಲ್ ಮೇಲನ್ನು ಒಪ್ಪದ ಲಿನಕ್ಸ್ ಕರ್ನಲ್‌ನಂಥ ಲಿಸ್ಟುಗಳಿಗೆ ಅಲ್ಲಿಂದ ಉತ್ತರಿಸುವುದು ವ್ಯರ್ಥ. ಫೋನಿನಿಂದಲೇ ಬರೆಯಬೇಕಾದವರು ಕೆ-9 ಮೇಲ್‌ನಿಂದ ಬೆಳೆದು 2024ರಲ್ಲಿ ಬಂದ ಆಂಡ್ರಾಯ್ಡ್‌ನ ಥಂಡರ್‌ಬರ್ಡ್ ಹಾಕಿಕೊಳ್ಳಬಹುದು. ಅದರ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಸಾದಾ ಪಠ್ಯ ಮತ್ತು ಉಲ್ಲೇಖದ ಕೆಳಗೆ ಉತ್ತರ, ಎರಡೂ ಇವೆ.

ಔಟ್‌ಲುಕ್ ಮತ್ತು ಆ್ಯಪಲ್ ಮೇಲ್

ಔಟ್‌ಲುಕ್ ಹುಟ್ಟಿದ್ದೇ ಕಚೇರಿಗಾಗಿ, ಅದನ್ನು ಲಿಸ್ಟಿಗೆ ಒಗ್ಗಿಸುವುದು ಶ್ರಮದ ಕೆಲಸ. ಹಳೆಯ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಫೈಲ್, ಆಪ್ಷನ್ಸ್, ಮೇಲ್ ಎಂದು ಹೋಗಿ, ರಿಪ್ಲೈಸ್ ಅಂಡ್ ಫಾರ್ವರ್ಡ್ಸ್ ಭಾಗದಲ್ಲಿ ಮೂಲದ ಪ್ರತಿ ಸಾಲಿಗೂ ಗುರುತು ಸೇರಿಸುವ ಆಯ್ಕೆಯನ್ನು ಆರಿಸಬೇಕು. ಬಂದ ಮೇಲ್ ಎಚ್‌ಟಿಎಂಎಲ್ ಆಗಿದ್ದರೆ ಬಾಣದ ಬದಲು ಬದಿಯಲ್ಲಿ ಗೆರೆ ಬರುತ್ತದೆ. ಅದು ಬೇಡವಾದರೆ ಟ್ರಸ್ಟ್ ಸೆಂಟರ್‌ನ ಇಮೇಲ್ ಸೆಕ್ಯೂರಿಟಿ ಪುಟದಲ್ಲಿ ಎಲ್ಲ ಮೇಲುಗಳನ್ನೂ ಸಾದಾ ಪಠ್ಯವಾಗಿಯೇ ಓದುವ ಆಯ್ಕೆಯನ್ನು ಗುರುತಿಸಬೇಕು. ಕಚೇರಿಯ ಖಾತೆ ತಾನಾಗಿ ಸೇರಿಸುವ ಗೌಪ್ಯತೆಯ ಒಕ್ಕಣೆ ಜಗತ್ತೆಲ್ಲ ಓದಬಹುದಾದ ಲಿಸ್ಟಿನಲ್ಲಿ ನಗೆಪಾಟಲಾಗುತ್ತದೆ, ಆದ್ದರಿಂದ ಲಿಸ್ಟಿಗೆ ಬೇರೆ ಖಾತೆ ಇಟ್ಟುಕೊಳ್ಳುವುದು ಮೇಲು.

ಆ್ಯಪಲ್ ಮೇಲ್‌ನಲ್ಲಿ ಬೇಕಾದ ಸಾಲುಗಳನ್ನು ಆಯ್ದು ಉತ್ತರಿಸಿದರೆ ಅವಷ್ಟೇ ಬರುತ್ತವೆ, ಐಫೋನಿನಲ್ಲೂ ಹಾಗೆಯೇ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಮೆನುವಿನ ಮೇಕ್ ಪ್ಲೇನ್ ಟೆಕ್ಸ್ಟ್ ಎಂಬುದು ಅಲಂಕಾರವನ್ನು ತೆಗೆಯುತ್ತದೆ.

ಕನ್ನಡದಲ್ಲಿ ಬರೆಯುವಾಗ

ಸಾದಾ ಪಠ್ಯಕ್ಕೆ ಬದಲಾದ ಕೂಡಲೇ ಫಾಂಟ್‌ನ ಆಸರೆ ಹೋಗುತ್ತದೆ. ನುಡಿ ಅಥವಾ ಬರಹದ ಹಳೆಯ ಎಎಸ್‌ಸಿಐಐ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಅಂಟಿಸಿದರೆ ಓದುವವರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಯೇ ಅಂಟಿಸಬೇಕು. ಪ್ರತಿ ಸಾಲನ್ನು 72 ಅಕ್ಷರಕ್ಕೆ ಮುರಿಯಬೇಕೆಂಬ ಹಳೆಯ ಇಂಗ್ಲಿಷ್ ಲಿಸ್ಟುಗಳ ನಿಯಮವನ್ನು ಕನ್ನಡಕ್ಕೆ ಕಟ್ಟುನಿಟ್ಟಾಗಿ ತರುವುದರಲ್ಲಿ ಅರ್ಥವಿಲ್ಲ. ಒತ್ತಕ್ಷರ, ಗುಣಿತಗಳೆಲ್ಲ ಬೇರೆ ಬೇರೆ ಸಂಕೇತಗಳಾಗಿ ಎಣಿಕೆಯಾಗುವುದರಿಂದ ಸಾಲುಗಳು ಪರದೆಯ ಮೇಲೆ ಗಿಡ್ಡ ಉದ್ದವಾಗಿ ಬೀಳುತ್ತವೆ.

ಡೈಜೆಸ್ಟ್ ಮತ್ತು ಹಳೆಯ ಮೇಲು

ದಿನದ ಮೇಲುಗಳನ್ನೆಲ್ಲ ಒಂದೇ ಕಟ್ಟಾಗಿ ತರಿಸಿಕೊಳ್ಳುವವರು ಆ ಕಟ್ಟಿಗೇ ರಿಪ್ಲೈ ಒತ್ತಿದರೆ, ಸಬ್ಜೆಕ್ಟ್‌ನಲ್ಲಿ ಡೈಜೆಸ್ಟ್‌ನ ಸಂಪುಟ, ಸಂಚಿಕೆಗಳ ಸಂಖ್ಯೆಯಷ್ಟೇ ಇರುತ್ತದೆ, ಉತ್ತರವೂ ಯಾವ ಚರ್ಚೆಗೂ ಅಂಟಿಕೊಳ್ಳುವುದಿಲ್ಲ. ಸಬ್ಜೆಕ್ಟ್ ತಿದ್ದಿ, ಬೇರೆಲ್ಲವನ್ನೂ ಅಳಿಸಿದರೆ ಅರ್ಧ ಸರಿಯಾಗುತ್ತದೆ. ಆಗಾಗ ಉತ್ತರಿಸುವವರು ಡೈಜೆಸ್ಟ್ ಬಿಟ್ಟು ಬಿಡಿ ಮೇಲುಗಳನ್ನೇ ತರಿಸಿಕೊಂಡು, ಫಿಲ್ಟರ್ ಹಾಕಿ ಬೇರೆ ಫೋಲ್ಡರಿಗೆ ಕಳುಹಿಸಿಕೊಳ್ಳುವುದು ಸರಿಯಾದ ದಾರಿ. ನೀವು ಸೇರುವ ಮೊದಲೇ ಬಂದ ಮೇಲಿಗೆ ಉತ್ತರಿಸಬೇಕಾದರೆ ಆರ್ಕೈವ್ ನೋಡಿ. ಮೇಲ್‌ಮ್ಯಾನ್ 3 ಇರುವ ಕಡೆ, ಉದಾಹರಣೆಗೆ 2021ರಲ್ಲಿ ಅದಕ್ಕೆ ಬದಲಾದ ವಿಕಿಮೀಡಿಯದ ಲಿಸ್ಟುಗಳಲ್ಲಿ, ಲಾಗಿನ್ ಆಗಿ ಆರ್ಕೈವ್‌ನ ಪುಟದಿಂದಲೇ ಉತ್ತರಿಸಬಹುದು.

ಲಿಸ್ಟಿನಿಂದ ಹೊರಹೋಗಲು 'ನನ್ನ ಹೆಸರು ತೆಗೆಯಿರಿ' ಎಂದು ಲಿಸ್ಟಿಗೇ ಉತ್ತರಿಸುವುದರಿಂದ ಹೆಸರು ಹೋಗುವುದಿಲ್ಲ. ಮೇಲಿನ ತುದಿಯಲ್ಲಿರುವ ಕೊಂಡಿಯೋ ಜಿಮೇಲ್‌ನಲ್ಲಿ ಕಳುಹಿಸಿದವರ ಹೆಸರಿನ ಪಕ್ಕ ಕಾಣುವ ಅನ್‌ಸಬ್‌ಸ್ಕ್ರೈಬ್ ಪದವೋ ಆ ಕೆಲಸಕ್ಕಿದೆ.

ಕಳುಹಿಸಿದ ಮೇಲೆ ಜಿಮೇಲ್‌ನವರನ್ನು ಕಾಡುವ ಒಂದು ಅನುಮಾನ ಉಳಿದಿದೆ. ಲಿಸ್ಟಿನಿಂದ ಮರಳಿ ಬರುವ ನಿಮ್ಮದೇ ಮೇಲಿನ ಪ್ರತಿಯನ್ನು ಜಿಮೇಲ್ ಇನ್‌ಬಾಕ್ಸ್‌ಗೆ ತರುವುದಿಲ್ಲ, ಕಳುಹಿಸಿದ ಪ್ರತಿ ಹೇಗೂ ಇದೆಯಲ್ಲ ಎಂಬುದು ಅದರ ಲೆಕ್ಕ. ಉತ್ತರ ಹೋಗಲಿಲ್ಲವೆಂದುಕೊಂಡು ಅದನ್ನೇ ಎರಡು ಮೂರು ಸಲ ಕಳುಹಿಸಿದವರಿದ್ದಾರೆ. ಹತ್ತು ನಿಮಿಷ ಬಿಟ್ಟು ಲಿಸ್ಟಿನ ಆರ್ಕೈವ್ ತೆರೆದು ನೋಡಿ. ಅಲ್ಲಿಯೂ ಇಲ್ಲದಿದ್ದರೆ ನಿರ್ವಾಹಕರ ಒಪ್ಪಿಗೆಗೆ ಕಾದಿರಬಹುದು, ಆಗಲೂ ಒಂದು ದಿನ ಕಾದು ಅವರಿಗೆ ಬರೆಯಬೇಕೇ ಹೊರತು ಮತ್ತೆ ಲಿಸ್ಟಿಗಲ್ಲ.